ಡಾಕ್ಟ್ರ ಪಕ್ಕದ ಸ್ಟೂಲಿನಲ್ಲಿ ಮೂರು ವಾರ

ಸೆಕೆಂಡ್ ಪಿಯುಸಿ, ಸಿಇಟಿ ಎರಡೂ ಮುಗಿಸಿ ಕೂತಿದ್ದ ಬೇಸಿಗೆ. ಆಗಿನ್ನೂ ನೀಟ್ ಬಂದಿರಲಿಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಎಲ್ಲರದೂ ಒಂದೇ ಮಾತು: 'ಚೆನ್ನಾಗಿ ಓದ್ತೀಯ, ಡಾಕ್ಟ್ರಾಗಮ್ಮ.' ದಿನಾ ಬೆಳಗೆದ್ದು ಆ ಕೆಲಸ ಮಾಡೋಕೆ ನನಗೆ ಹಿಡಿಸುತ್ತಾ ಅಂತ ಮಾತ್ರ ಯಾರೂ ಕೇಳಲಿಲ್ಲ.

ಅಪ್ಪಂದು ರೇಷ್ಮೆ ನೂಲು ತೆಗೆಯೋ ಕೆಲಸ. ಮಾರ್ಕೆಟ್‌ನಲ್ಲಿ ಗೂಡು ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ ಹರಾಜು ಕೂಗಿದವರಲ್ಲ. 'ನೀನೂ ಒಂದ್ಸಲ ನೋಡ್ಕೊಂಡು ಬಾ' ಅಂತ, ಬಾಗೇಪಲ್ಲಿ ಕಡೆ ಆರೋಗ್ಯ ಕೇಂದ್ರದಲ್ಲಿದ್ದ ಪರಿಚಯದ ಡಾಕ್ಟ್ರ ಹತ್ತಿರ ಬಿಟ್ಟು ಬಂದರು.

ರಕ್ತ ನೋಡಿ ತಲೆ ತಿರುಗುತ್ತೇನೋ ಅನ್ನೋದೇ ನನ್ನ ಭಯ. ಮೂರು ವಾರದಲ್ಲಿ ರಕ್ತ ಕಂಡಿದ್ದು ಎರಡು ಸಲ. ಉಳಿದಿದ್ದೆಲ್ಲ 'ಮೋಕಾಳ್ಳ ನೊಪ್ಪಿ ಸಾರ್'. ಬೆಳಗಿಂದ ಮಧ್ಯಾಹ್ನದವರೆಗೆ ಅದೇ ಮಂಡಿ ನೋವು, ಅದೇ ಬೆನ್ನು ನೋವು. ನಾನು ಚೀಟಿ ಬರೆದು ಕೊಡ್ತಿದ್ದೆ. ಪರೀಕ್ಷೆ ಮಾಡುವಾಗ ಆಚೆ ಹೋಗ್ತಿದ್ದೆ. ನಾಲ್ಕನೇ ದಿನಕ್ಕೆ ಬೇಜಾರಾಯ್ತು.

ಐದನೇ ದಿನ ಒಬ್ಬ ಅಜ್ಜಿ ಬಂದರು. ನಾನು ಏಳಲು ಹೋದರೆ ಡಾಕ್ಟ್ರು ಅಜ್ಜಿಯನ್ನ ಕೇಳಿ ನನ್ನನ್ನ ಅಲ್ಲೇ ಕೂರಿಸಿದರು. ಗದ್ದ ಎದೆಗೆ ತಾಗಿಸಿ ಅಂದರು, ಆಗಲಿಲ್ಲ. ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟಿ ಅಂದರು, ಆಗಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ: 'ಯಾವ ಬೋರಿನ ನೀರು?' ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಬಗ್ಗದ ಬೆನ್ನನ್ನ ಮತ್ತೆ ಬಗ್ಗಿಸೋ ಮಾತ್ರೆ ಇಲ್ಲ. ಆದರೂ ಡಾಕ್ಟ್ರು ಅಜ್ಜಿಯ ಮೊಮ್ಮಕ್ಕಳನ್ನ ಕರೆಸಿ ಹಲ್ಲಲ್ಲಿ ಫ್ಲೋರೈಡ್ ಕಲೆ ಇದೆಯಾ ಅಂತ ನೋಡಿದರು, ನೀರು ಬದಲಾಯಿಸೋಕೆ ಹೇಳಿದರು. ಅವತ್ತಿಂದ ಪ್ರತಿ ಮಂಡಿ ನೋವಿಗೂ ಬೋರಿನ ಹೆಸರು ಬರ್ಕೊಳ್ಳೋಕೆ ಶುರು ಮಾಡಿದೆ. ಯಾರೂ ಹೇಳಿರಲಿಲ್ಲ. ನನ್ನ ತೀರ್ಮಾನ ಆಗಿದ್ದು ಅಲ್ಲೇ.

ದುಡ್ಡಿನ ಮಾತು ಒಂದೇ ಸಂಜೆಯಲ್ಲಿ ಮುಗೀತು: ಸರ್ಕಾರಿ ಸೀಟು ಸಿಕ್ಕರೆ ಮೆಡಿಕಲ್, ಇಲ್ಲದಿದ್ದರೆ ಬಿಎಸ್ಸಿ. ಸಾಲ ಮಾಡಲ್ಲ. ಸಿಕ್ಕಿತು. ಲೆಕ್ಕ ತಪ್ಪಿದ್ದು ಕಾಲದ ವಿಷಯದಲ್ಲಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಅಂತಷ್ಟೇ ಎಣಿಸಿದ್ದೆ. ಪಿಜಿಯ ಇನ್ನೂ ಮೂರು ವರ್ಷ ಮರೆತಿದ್ದೆ. ಇಂಜಿನಿಯರಿಂಗ್ ಓದಿದ ಗೆಳತಿಯರು ಮನೆಗೆ ಫ್ರಿಜ್ಜು ತಂದುಕೊಟ್ಟಾಗಲೂ ನಾನು ಅಪ್ಪನ ಹತ್ತಿರ ಬಸ್ ಚಾರ್ಜಿಗೆ ಕೈ ಚಾಚ್ತಿದ್ದೆ. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ. ಅನಾಟಮಿ ಹಾಲ್ ಮಾತ್ರ ಕಷ್ಟವಾಗಲಿಲ್ಲ. ಬೇಯಿಸಿದ ರೇಷ್ಮೆ ಹುಳದ ವಾಸನೆಯಲ್ಲಿ ಬೆಳೆದ ಮೂಗಿಗೆ ಹೆಣ ಕೆಡದ ಹಾಗೆ ಹಾಕೋ ಫಾರ್ಮಲಿನ್ ಏನು ಮಾಡೀತು!

ಈಗ ನೀಟ್‌ಗೆ ಓದೋ ಮಕ್ಕಳನ್ನ ಕರ್ಕೊಂಡು ಅಪ್ಪ ಅಮ್ಮಂದಿರು ನನ್ನ ಹತ್ತಿರ ಬರ್ತಾರೆ. 720ಕ್ಕೆ ಎಷ್ಟು ಬರಬಹುದು ಅನ್ನೋದೇ ಮಾತು. 'ಸೋಮವಾರದಿಂದ ಓಪಿಡಿಯಲ್ಲಿ ಬಂದು ಕೂತ್ಕೊ' ಅಂತೀನಿ. ಹೋದ ವರ್ಷ ಇಬ್ಬರು ಬಂದರು. ಹುಡುಗ ತಿಂಗಳು ಪೂರ್ತಿ ಕೂತ. ಹುಡುಗಿ ಮೂರನೇ ದಿನಕ್ಕೆ 'ನನ್ನ ಕೈಲಾಗಲ್ಲ ಮೇಡಂ' ಅಂದು ಹೋಗಿ ಅಗ್ರಿ ಬಿಎಸ್ಸಿ ಸೇರಿದಳು. ಅವರಮ್ಮ ಸಂತೆಯಲ್ಲಿ ಸಿಕ್ಕರೆ ಈಗಲೂ ನನ್ನ ಮುಖ ನೋಡಲ್ಲ.