ಎಂಜಿನ್ ಬದಲಿಸಿದ ಅಂಬಾಸಿಡರ್‌ನಲ್ಲಿ ಸೆಲ್ಫ್ ತೊಂದರೆ: ಬಿಚ್ಚುವ ಮೊದಲು ಅಳೆದು ನೋಡಿ

ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಇಳಿಸಿ, ಹಿಂದುಸ್ತಾನ್ ಮೋಟಾರ್ಸ್‌ನವರು 1990ರ ದಶಕದಲ್ಲಿ ಅದೇ ಗಾಡಿಗೆ ಕೊಟ್ಟ 1817 ಸಿಸಿ ಇಸುಜು ಎಂಜಿನನ್ನು ಐದು ಗೇರಿನ ಬಾಕ್ಸ್ ಸಮೇತ ಕೂರಿಸುವುದು ನಮ್ಮಲ್ಲಿ ನಡೆದುಬಂದಿರುವ ಕೆಲಸ. ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಆಮೇಲೆ ಸದ್ದಿಲ್ಲ. ಆಗ ಎಲ್ಲರೂ ಕೈಹಾಕುವುದು ಎಂಜಿನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೇ. ಬಿಚ್ಚಿ, ಕಾರ್ಬನ್ ಬ್ರಷ್ಷು, ಬುಶ್ಶು ಹಾಕಿಸಿ ತಂದರೂ ಅದೇ ಟಕ್. ಮೊದಲಿದ್ದ ಗಾಡಿಯಲ್ಲಿ ಚೆನ್ನಾಗಿ ತಿರುಗುತ್ತಿದ್ದ ಸೆಲ್ಫ್ ಇಲ್ಲಿ ತಿರುಗುತ್ತಿಲ್ಲ ಅಂದರೆ ಅದಕ್ಕೆ ಪೂರ್ತಿ ಕರೆಂಟ್ ಸಿಗುತ್ತಿಲ್ಲ, ಇಲ್ಲವೇ ಅದು ಕೂತ ಜಾಗ ಸರಿಯಿಲ್ಲ. ಅದಕ್ಕೇ ನಾನು ಸ್ಪ್ಯಾನರಿಗಿಂತ ಮೊದಲು ಮಲ್ಟಿಮೀಟರ್ ತೆಗೆಯುತ್ತೇನೆ.

ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಪಾಸಿಟಿವ್ ವೈರ್ ಕಳಚುತ್ತೇನೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಇಳಿದ ಬ್ಯಾಟರಿಯಲ್ಲಿ ತೆಗೆದ ಯಾವ ಅಳತೆಯನ್ನೂ ನಂಬುವಂತಿಲ್ಲ. ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡೂ ಕಂಬಗಳ ನಡುವೆ 9.6 ವೋಲ್ಟ್‌ಗಿಂತ ಕಡಿಮೆಯಾಗಬಾರದು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ.

ಮುಂದಿನ ಎರಡು ಅಳತೆಗಳಲ್ಲೇ ಹೆಚ್ಚಿನ ಗಾಡಿಗಳ ರೋಗ ಸಿಗುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫಿನ ದಪ್ಪ ಸ್ಟಡ್ ಮೇಲೆ. ಕಡ್ಡಿ ಕ್ಲ್ಯಾಂಪಿಗಲ್ಲ, ಕಂಬದ ಸೀಸಕ್ಕೇ ತಾಗಬೇಕು. ಸೆಲ್ಫ್ ಹೊಡೆಯುವಾಗ 0.5 ವೋಲ್ಟ್ ಮೀರಬಾರದು. ಎರಡನೆಯದು ನೆಗೆಟಿವ್ ಕಂಬದಿಂದ ಸೆಲ್ಫಿನ ಬಾಡಿಗೆ: ಇಲ್ಲಿ 0.3 ದಾಟಬಾರದು. ಕೂಡಿಸಿದ ಎಂಜಿನ್‌ಗಳಲ್ಲಿ ಈ ಎರಡನೆಯ ಕಡೆಯೇ 1.5, 2 ವೋಲ್ಟ್ ತೋರಿಸುವುದು ಹೆಚ್ಚು. ಲೆಕ್ಕ ಸುಲಭ. ಸೆಲ್ಫ್ 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಓಮ್‌ನ ನೂರನೇ ಒಂದು ಭಾಗ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಖರ್ಚು.

ಕಾರಣ ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆಯ ಎಂಜಿನ್‌ನಿಂದ ಚಾಸಿಗೆ ಹೋಗುತ್ತಿದ್ದ ಹೆಣೆದ ಪಟ್ಟಿ ಎಂಜಿನ್ ಇಳಿಸುವಾಗ ಬಿಚ್ಚಿದ್ದು ಮತ್ತೆ ಹಾಕಲು ಮರೆತುಹೋಗುತ್ತದೆ. ಆಗ ಕರೆಂಟ್ ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಬಿಸಿಯಾಗಿದ್ದರೆ ಮೀಟರೂ ಬೇಡ. ಎರಡನೆಯ ಕಾರಣ ಪೇಂಟ್. ಸೆಲ್ಫಿಗೆ ಬೇರೆ ಅರ್ತ್ ವೈರ್ ಇರುವುದಿಲ್ಲ, ಅದು ಬೋಲ್ಟಾಗಿ ಕೂರುವ ಫ್ಲ್ಯಾಂಜ್ ಮುಖವೇ ಅರ್ತ್. ಚಂದಕ್ಕೆಂದು ಬ್ಲಾಕ್, ಬೆಲ್ ಹೌಸಿಂಗ್‌ಗೆಲ್ಲ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಬಣ್ಣ ಹೊಡೆದವರು ಆ ಮುಖವನ್ನೂ ಬಿಟ್ಟಿರುವುದಿಲ್ಲ. ಎಮರಿ ಪೇಪರಿನಿಂದ ಲೋಹ ಹೊಳೆಯುವಷ್ಟು ಉಜ್ಜಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ ಬಿಗಿಯಿರಿ. ನಾನು ನೆಗೆಟಿವ್ ಕೇಬಲನ್ನು ನೇರವಾಗಿ ಗೇರ್‌ಬಾಕ್ಸ್‌ನ ಬೋಲ್ಟಿಗೇ ತರುತ್ತೇನೆ, ಅಲ್ಲಿಂದ ಬಾಡಿಗೆ ಇನ್ನೊಂದು ಪಟ್ಟಿ ಕೊಡುತ್ತೇನೆ. ಎರಡೂ ದೊಡ್ಡ ಕೇಬಲ್‌ಗಳು 35 ಚದರ ಮಿ.ಮೀ. ತಾಮ್ರದವು. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಬೇಡ.

ವೈರಿಂಗ್‌ನಲ್ಲಿ ಆಗುವ ತಪ್ಪು ಬೇರೆ ಥರದ್ದು. ಹಳೆಯ ಎಂಜಿನ್‌ನ ಸೆಲ್ಫಿಗೆ ಒಂದೇ ದಪ್ಪ ಕೇಬಲ್. ಸ್ವಿಚ್ ದೂರದಲ್ಲಿ, ಬಾಡಿಯ ತಗಡಿನ ಮೇಲೆ. ಮೋಟರ್ ತಿರುಗಿದ ರಭಸಕ್ಕೇ ಬೆಂಡೆಕ್ಸ್ (ಸೆಲ್ಫಿನ ತುದಿಯಲ್ಲಿ ಸರಿಯುವ ಹಲ್ಲುಚಕ್ರ) ಮುಂದೆ ಸರಿದು ಫ್ಲೈವೀಲಿನ ಸುತ್ತಲಿನ ರಿಂಗ್ ಗೇರ್ ಹಿಡಿಯುತ್ತದೆ. ಇಸುಜು ಸೆಲ್ಫಿನಲ್ಲಿ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ವಿದ್ಯುತ್ಕಾಂತದ ಸ್ವಿಚ್) ಮೋಟರಿನ ಮೇಲೆಯೇ ಇದೆ, ಅದು ಮೊದಲು ಪಿನಿಯನ್ (ಸೆಲ್ಫಿನ ಸಣ್ಣ ಹಲ್ಲುಚಕ್ರ) ತಳ್ಳಿ ಆಮೇಲೆ ಮೋಟರಿಗೆ ಕರೆಂಟ್ ಬಿಡುತ್ತದೆ. ಹಳೆಯ ಕೇಬಲನ್ನೇ ತಂದು ಹೊಸ ಸೆಲ್ಫಿನ ದಪ್ಪ ಸ್ಟಡ್ಡಿಗೆ (30) ಕೊಟ್ಟು, ಅಲ್ಲಿಂದ ಸಣ್ಣ ಟರ್ಮಿನಲ್ಲಿಗೆ (50) ಒಂದು ತುಂಡು ವೈರ್ ಹಾಕಿದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಕೀ ಬಿಟ್ಟ ಮೇಲೂ ಸೆಲ್ಫ್ ಒಂದೆರಡು ಕ್ಷಣ ಕಿರುಚುತ್ತಲೇ ಇರಬಹುದು. ತಿರುಗುತ್ತಿರುವ ಮೋಟರ್ ಡೈನಮೊ ಥರ ಕರೆಂಟ್ ಹುಟ್ಟಿಸಿ, ಆ ತುಂಡು ವೈರಿನ ಮೂಲಕ ಸೊಲೆನಾಯ್ಡನ್ನು ತಾನೇ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಕಾರಣ. ಕಾಯಂ ಅಯಸ್ಕಾಂತದ ಸಣ್ಣ ಸೆಲ್ಫ್‌ಗಳಲ್ಲಿ ಇದು ಇನ್ನೂ ಜೋರು. ಹೀಗೆ ಬಿಟ್ಟರೆ ಪಿನಿಯನ್ನಿನ ಕ್ಲಚ್ ಸುಡುತ್ತದೆ. ಬ್ಯಾಟರಿಯಿಂದ 30ಕ್ಕೆ ನೇರ ಕೇಬಲ್ ಎಳೆದು, 50ಕ್ಕೆ ಕೀಯಿಂದ ಬೇರೆ ವೈರ್ ಕೊಡಬೇಕು.

ಆ 50ರ ವೈರನ್ನೂ ಹಳೆಯ ಕೀ ಸ್ವಿಚ್‌ನಿಂದ ನೇರ ಎಳೆಯಬೇಡಿ. ಸೊಲೆನಾಯ್ಡ್ ಎಳೆದುಕೊಳ್ಳುವ ಕ್ಷಣಕ್ಕೆ 30 ಆಂಪಿಯರ್‌ಗೂ ಹೆಚ್ಚು ಬೇಡುತ್ತದೆ, ಸವೆದ ಸ್ವಿಚ್ ಅದನ್ನು ತಾಳುವುದಿಲ್ಲ. ಹತ್ತು ಸಲ ಕೀ ತಿರುಗಿಸಿದರೆ ಮೂರು ಸಲ ಮಾತ್ರ ಹಿಡಿಯುವುದು ಈ ಕಾರಣಕ್ಕೆ. 40 ಆಂಪಿಯರ್‌ನ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಸಾಕು: ರಿಲೇಯ 86ಕ್ಕೆ ಕೀ, 85ಕ್ಕೆ ಅರ್ತ್, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಸೆಲ್ಫಿನ 50ಕ್ಕೆ 4 ಚದರ ಮಿ.ಮೀ. ವೈರ್. ಡೈನಮೊ ಕಾಲದ ಗಾಡಿಯಾದರೆ ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ನೋಡಿಕೊಳ್ಳಿ. ಪಾಸಿಟಿವ್ ಅರ್ತ್ ಇದ್ದಲ್ಲಿ ಹೊಸ ಆಲ್ಟರ್ನೇಟರ್ ಕೂಡಿಸಿದರೆ ಡಯೋಡ್‌ಗಳು ಸುಡುತ್ತವೆ.

ಕರೆಂಟ್ ಸರಿಯಿದ್ದೂ ಕರಕರ ಸದ್ದು ಬಂದರೆ ಸೆಲ್ಫ್ ಇಳಿಸಲೇಬೇಕು. ಮೇಜಿನ ಮೇಲೆ ಮಾಡುವ ಪರೀಕ್ಷೆ ಇದು: ಸೊಲೆನಾಯ್ಡ್‌ನಿಂದ ಮೋಟರಿಗೆ ಹೋಗುವ ಲೀಡ್ ಕಳಚಿ, ಆ ಟರ್ಮಿನಲ್ಲಿಗೂ ಬಾಡಿಗೂ ನೆಗೆಟಿವ್ ಕೊಡಿ, 50ಕ್ಕೆ ಪಾಸಿಟಿವ್. ಮೋಟರ್ ತಿರುಗದೆ ಪಿನಿಯನ್ ಮಾತ್ರ ಹೊರಗೆ ಬರಬೇಕು. ಟರ್ಮಿನಲ್ಲಿನ ನೆಗೆಟಿವ್ ತೆಗೆದರೂ ಅಲ್ಲೇ ನಿಲ್ಲಬೇಕು, ಬಾಡಿಯದ್ದೂ ತೆಗೆದರೆ ಒಳಗೆ ಹೋಗಬೇಕು. ಐದು ಸೆಕೆಂಡಿನಲ್ಲಿ ಮುಗಿಸಿ, ಕಾಯಿಲ್ ಕಾಯುತ್ತದೆ. ಇಷ್ಟು ಸರಿಯಿದ್ದರೆ ತಪ್ಪು ಅಳತೆಯದ್ದು. ಸೆಲ್ಫ್ ಸುಮ್ಮನಿದ್ದಾಗ ಪಿನಿಯನ್ನಿಗೂ ರಿಂಗ್ ಗೇರಿಗೂ 2ರಿಂದ 3 ಮಿ.ಮೀ. ಅಂತರ ಬೇಕು. ಹಳೆಯ ಗೇರ್‌ಬಾಕ್ಸ್ ಉಳಿಸಿಕೊಳ್ಳಲು ನಡುವೆ 10 ಮಿ.ಮೀ. ಅಡಾಪ್ಟರ್ ಪ್ಲೇಟ್ ಹಾಕಿ, ಸೆಲ್ಫನ್ನು ಬೆಲ್ ಹೌಸಿಂಗ್‌ಗೆ ಕಟ್ಟಿದ್ದರೆ ಸೆಲ್ಫ್ ಅಷ್ಟೇ 10 ಮಿ.ಮೀ. ಹಿಂದೆ ಸರಿದಿರುತ್ತದೆ, ಪಿನಿಯನ್ ಹಲ್ಲಿನ ತುದಿ ಮಾತ್ರ ತಾಗಿ ಹಲ್ಲು ಮುರಿಯುತ್ತದೆ. ಪಿನಿಯನ್ ಹಲ್ಲಿನ ತುದಿಗೂ ರಿಂಗ್ ಹಲ್ಲಿನ ಬುಡಕ್ಕೂ ನಡುವೆ 0.5ರಿಂದ 0.9 ಮಿ.ಮೀ. ಸಡಿಲ ಇರಲಿ, ಜೆಮ್ ಕ್ಲಿಪ್ಪಿನ ತಂತಿ ತೂರಿಸಿ ನೋಡಬಹುದು. ಸೆಲ್ಫ್ ಹೊಡೆಯುವಾಗ ಕೀಚಲು ಸದ್ದು ಬಂದರೆ ಈ ಸಡಿಲ ಹೆಚ್ಚು, ಎಂಜಿನ್ ಹಿಡಿದ ಮೇಲೆ ಬಂದರೆ ಕಡಿಮೆ. ಬೆಲ್ ಹೌಸಿಂಗನ್ನು ಜಾಗ ತಪ್ಪದಂತೆ ಹಿಡಿಯುವ ಡೋವೆಲ್ ಪಿನ್ ಕಳೆದುಹೋಗಿದ್ದರೆ ಈ ಅಳತೆ ಯಾವತ್ತೂ ನಿಲ್ಲುವುದಿಲ್ಲ.

ಒಮ್ಮೆ ಹಿಡಿದು ಇನ್ನೊಮ್ಮೆ ಬರೀ ಉಜ್ಜಿದರೆ, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಒಂದು ಗೇಣು ತಳ್ಳಿ, ನ್ಯೂಟ್ರಲ್‌ಗೆ ತಂದು ಮತ್ತೆ ಹೊಡೆಯಿರಿ. ಆಗ ಹಿಡಿದರೆ ರಿಂಗ್ ಗೇರ್ ಸವೆದಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲೇ. ಸವೆತ ಸ್ವಲ್ಪವೇ ಇದ್ದರೆ ರಿಂಗನ್ನು ಕಾಯಿಸಿ ತೆಗೆದು, 90 ಡಿಗ್ರಿ ತಿರುಗಿಸಿ ಮತ್ತೆ ಕೂರಿಸಬಹುದು. ಕಾಯಿಸುವುದು 200ರಿಂದ 250 ಡಿಗ್ರಿ ಸೆಲ್ಸಿಯಸ್ ಮಾತ್ರ, ಕೆಂಪಾದರೆ ಹಲ್ಲಿನ ಗಟ್ಟಿತನ ಹೋಗುತ್ತದೆ. ಹಲ್ಲಿನ ಇಳಿಜಾರು ಕೆತ್ತಿದ ಬದಿ ಪಿನಿಯನ್ ಬರುವ ಕಡೆಗೇ ಇರಬೇಕು.