ಮನೆಯಲ್ಲಿ ಯಾವ ಭಾಷೆ? ಕೇಳುತ್ತಾ ಕಲಿತದ್ದು

ಅಮೆರಿಕದಲ್ಲಿ ನಾವಿರುವ ಕಡೆಯ ಲೈಬ್ರರಿಗೆ ಒಂದು ಪಟ್ಟಿ ಬೇಕಾಗಿತ್ತು. ಸುತ್ತಲಿನ ಮನೆಗಳಲ್ಲಿ ಯಾವ ಯಾವ ಭಾಷೆ ಆಡುತ್ತಾರೆ, ಯಾರಿಗೆ ಇಂಗ್ಲಿಷ್ ಕಷ್ಟ ಅಂತ. ನಾನು ಮಾಡಿಕೊಡುತ್ತೇನೆ ಎಂದೆ.

ಮೊದಲು ಸೆನ್ಸಸ್ ಬ್ಯೂರೋದ ಲೆಕ್ಕ ತೆಗೆದು ನೋಡಿದೆ. ಅವರ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಭಾಷೆಯ ಬಗ್ಗೆ ಮೂರು ಪ್ರಶ್ನೆ ಇವೆ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತೀರಾ, ಅದು ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ. ಕೊನೆಯದಕ್ಕೆ ನಾಲ್ಕು ಉತ್ತರ: ತುಂಬಾ ಚೆನ್ನಾಗಿ, ಚೆನ್ನಾಗಿ, ಅಷ್ಟಾಗಿ ಬರಲ್ಲ, ಬರೋದೇ ಇಲ್ಲ. 5 ವರ್ಷ ತುಂಬಿದವರೆಲ್ಲ ಲೆಕ್ಕಕ್ಕೆ ಬರುತ್ತಾರೆ. 'ತುಂಬಾ ಚೆನ್ನಾಗಿ' ಎನ್ನದವರೆಲ್ಲ ಇಂಗ್ಲಿಷ್ ಸಾಲದವರ ಗುಂಪಿಗೆ.

ಕನ್ನಡ ಹುಡುಕಿದೆ. ದೊಡ್ಡ ಪಟ್ಟಿಯಲ್ಲಿ ತಮಿಳು, ತೆಲುಗಿಗೆ ತಮ್ಮದೇ ಸಾಲು ಇದೆ. ಕನ್ನಡ ಮಾತ್ರ ಮಲಯಾಳಂ ಮತ್ತು ಇತರ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಲ್ಲಿ. ಬಡಾವಣೆ ಮಟ್ಟದ ಪಟ್ಟಿಯಲ್ಲಂತೂ ಹೆಸರೇ ಇಲ್ಲ, 'ಇತರ ಏಷ್ಯನ್' ಗುಂಪಿನಲ್ಲಿ ಕರಗಿಹೋಗುತ್ತದೆ. ತುಂಬಾ ಬೇಜಾರಾಯಿತು. ಇನ್ನು ಮನೆಮನೆಗೆ ಹೋಗದೆ ದಾರಿ ಇರಲಿಲ್ಲ.

ಮೊದಲ ವಾರ ಅವೇ ಪ್ರಶ್ನೆ ಕೇಳಿದೆ. ಒಂದು ಕನ್ನಡದ ಮನೆಯಲ್ಲಿ ಮಗ ಬಾಗಿಲು ತೆಗೆದು "ನಮ್ಮಲ್ಲಿ ಎಲ್ಲರಿಗೂ ಇಂಗ್ಲಿಷ್ ಬರತ್ತೆ" ಎಂದರು. ಒಳಗೆ ಸೋಫಾದ ತುದಿಯಲ್ಲಿ ಅವರ ತಾಯಿ ಕೂತಿದ್ದರು. "ಅಮ್ಮಾ, ನಿಮಗೆ?" ಎಂದೆ.

"ಮೊಮ್ಮಗ ಮಾತಾಡೋದು ಅರ್ಥ ಆಗತ್ತೆ. ಫೋನ್ ಬಂದ್ರೆ ಮಾತ್ರ ಎತ್ತಲ್ಲ ಕಣಪ್ಪ," ಎನ್ನುತ್ತಾ ಪಕ್ಕದಲ್ಲಿದ್ದ ಫೋನನ್ನು ಸೆರಗಿನ ಕೆಳಗೆ ಸರಿಸಿದರು.

ಅವತ್ತು ರಾತ್ರಿಯೇ ನನ್ನ ಫಾರಂ ಬದಲಾಯಿಸಿದೆ. ಎಷ್ಟು ಚೆನ್ನಾಗಿ ಬರುತ್ತದೆ ಅಂತ ಕೇಳುವುದು ಬಿಟ್ಟೆ. ಫೋನಿನಲ್ಲಿ ಒಬ್ಬರೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೀರಾ? ಸ್ಕೂಲಿನಿಂದ ಬಂದ ಪತ್ರ ಯಾರು ಓದುತ್ತಾರೆ? ಡಾಕ್ಟರ ಹತ್ತಿರ ಎಲ್ಲಿ ನೋವು ಅಂತ ನೀವೇ ಹೇಳುತ್ತೀರಾ? ಇದನ್ನು ಮನೆಗೊಬ್ಬರ ಹತ್ತಿರ ಅಲ್ಲ, ಪ್ರತಿಯೊಬ್ಬರ ಹತ್ತಿರ ಕೇಳಿದೆ. ಮೂರನೆಯ ಪ್ರಶ್ನೆಗೆ "ಮಗಳು ಹೇಳ್ತಾಳೆ" ಎಂಬ ಉತ್ತರ ಎಷ್ಟೋ ಮನೆಗಳಲ್ಲಿ ಬಂತು. ಅಮ್ಮನ ಕಾಯಿಲೆಯನ್ನು ಹತ್ತು ವರ್ಷದ ಹುಡುಗಿ ಬಿಡಿಸಿ ಹೇಳಬೇಕು ಅಂದರೆ ಅದು ಸಣ್ಣ ಹೊರೆಯಲ್ಲ.

ಇನ್ನೊಂದು ತಪ್ಪು ತುಳು ಮನೆಯಲ್ಲಿ ಗೊತ್ತಾಯಿತು. ಗಂಡ ಹೆಂಡತಿ ತುಳು ಆಡುತ್ತಾರೆ, ಮಕ್ಕಳ ಜೊತೆ ಇಂಗ್ಲಿಷ್, ಓದುವುದು ಕನ್ನಡ. ಒಂದೇ ಕಾಲಂನಲ್ಲಿ ಏನು ಬರೆಯಲಿ? ಮಾತಿಗೊಂದು, ಓದಿಗೊಂದು ಅಂತ ಎರಡು ಕಾಲಂ ಮಾಡಿದೆ. ಮೊದಲ ವಾರ 'ಚೈನೀಸ್' ಎಂದು ಬರೆದಿದ್ದ ಮನೆಗಳಿಗೆ ಮತ್ತೆ ಹೋದೆ. ಕೆಲವರದು ಕ್ಯಾಂಟನೀಸ್, ಕೆಲವರದು ಮ್ಯಾಂಡರಿನ್. ಮಾತಿನಲ್ಲಿ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. 'ಸ್ಪ್ಯಾನಿಶ್' ಎಂದಿದ್ದ ಗ್ವಾಟೆಮಾಲಾದ ಒಂದು ಮನೆಯಲ್ಲಿ ತಾಯಿಯ ನುಡಿ ಮಾಮ್, ಅದು ಮಾಯಾ ಭಾಷೆ. ಅವರಿಗೆ ಸ್ಪ್ಯಾನಿಶ್ ದುಭಾಷಿಯನ್ನು ಕರೆಸಿದ್ದರೆ ಸುಮ್ನೆ ತಲೆಯಾಡಿಸುತ್ತಿದ್ದರು, ಅಷ್ಟೆ.

ಈಗ ಲೈಬ್ರರಿಯವರು ಕರಪತ್ರಕ್ಕೆ ಓದಿನ ಕಾಲಂ ನೋಡುತ್ತಾರೆ, ದುಭಾಷಿಗೆ ಮಾತಿನ ಕಾಲಂ. ಅವರ ದುಭಾಷಿಗಳ ಪಟ್ಟಿಯಲ್ಲಿ ಕನ್ನಡದವರು ಒಬ್ಬರೂ ಇರಲಿಲ್ಲ. ಅದಕ್ಕೇ ಮಂಗಳವಾರ ಸಂಜೆ ಒಂದು ಗಂಟೆ ನಾನೇ ಅಲ್ಲಿ ಕೂರುತ್ತೇನೆ.