ಊಟ ಮಿತ, ನಡಿಗೆ ನಿತ್ಯ, ಆದರೂ ತೂಕ ಇಳಿಯದಿದ್ದಾಗ ಏನು ಮಾಡಬೇಕು?

ಊಟದಲ್ಲಿ ಹಿಡಿತ ತಂದುಕೊಂಡು, ದಿನವೂ ನಡೆದು, ಕೆಲವು ತಿಂಗಳಲ್ಲಿ ಆರೇಳು ಕಿಲೊ ಇಳಿಸಿದವರ ತೂಕ ಒಂದು ಹಂತದಲ್ಲಿ ನಿಂತಲ್ಲೇ ನಿಲ್ಲುವುದು ತೀರ ಸಾಮಾನ್ಯ. ಆಗ ಹಲವರು ರಾತ್ರಿಯ ಊಟವನ್ನೇ ಬಿಡುತ್ತಾರೆ, ಇಲ್ಲವೇ ನಡಿಗೆಯನ್ನು ಏಕಾಏಕಿ ಇಮ್ಮಡಿಗೊಳಿಸುತ್ತಾರೆ. ಎರಡೂ ಅವಸರದ ಕ್ರಮಗಳು. ಊಟಕ್ಕೆ ಇನ್ನಷ್ಟು ಕತ್ತರಿ ಹಾಕುವ ಮುನ್ನ ತೂಕ ನಿಜಕ್ಕೂ ನಿಂತಿದೆಯೇ, ನಿಂತಿದ್ದರೆ ಲೆಕ್ಕ ಎಲ್ಲಿ ಏರುಪೇರಾಗಿದೆ ಎಂಬುದನ್ನು ಅಳೆದು ತಿಳಿಯಬೇಕು.

ಉಪ್ಪು, ನೀರು, ಮಲಬದ್ಧತೆ ಇಷ್ಟರಿಂದಲೇ ತೂಕ ಒಂದೆರಡು ಕಿಲೊ ಹೆಚ್ಚುಕಡಿಮೆಯಾಗಬಹುದು. ಮದುವೆಯೂಟದ ಮರುದಿನ ಏರಿದ ತೂಕದಲ್ಲಿ ಬಹುಪಾಲು ನೀರೇ ಇರುತ್ತದೆ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ಕುಡಿಯುವ ಮುಂಚೆ ತೂಕ ನೋಡಿ ಬರೆದಿಟ್ಟು, ವಾರದ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಬೇಕು. ಮುಟ್ಟಿನ ಆಸುಪಾಸಿನಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಮಹಿಳೆಯರು ಹಿಂದಿನ ತಿಂಗಳ ಅದೇ ದಿನಗಳ ತೂಕವನ್ನು ಎದುರಿಗಿಟ್ಟುಕೊಂಡು ನೋಡುವುದು ಸರಿ. ಜೊತೆಗೆ ಸೊಂಟದ ಸುತ್ತಳತೆಯನ್ನು ಟೇಪಿನಿಂದ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ತೂಕ ಅಲುಗದೆ ಸುತ್ತಳತೆ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಲೇ ಇದೆ ಎಂದು ತಿಳಿದು, ನಡೆಯುತ್ತಿರುವುದನ್ನೇ ಮುಂದುವರಿಸಬೇಕು. ನಾಲ್ಕು ವಾರ ಎರಡೂ ಕದಲದಿದ್ದರೆ ಮಾತ್ರ ಮುಂದಿನ ಕ್ರಮಗಳಿಗೆ ಹೋಗಿ. ಮೊದಲ ತಿಂಗಳಿನ ವೇಗ ಮತ್ತೆ ಬರುತ್ತದೆಂದು ಕಾಯುವುದೂ ಬೇಡ. ಆರಂಭದಲ್ಲಿ ದೇಹ ತನ್ನ ಗ್ಲೈಕೋಜನ್ (ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ) ದಾಸ್ತಾನನ್ನು ಬಳಸುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುವುದರಿಂದ ಆಗ ತೂಕ ಬೇಗ ಇಳಿದಂತೆ ಕಾಣುತ್ತದೆ.

ತೂಕ ನಿಜಕ್ಕೂ ನಿಂತಿದ್ದರೆ, ಹಗುರಾದ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗಿರುವುದೇ ಮೊದಲ ಕಾರಣ. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿಯನ್ನು ಅಂದಾಜಿಸಲು ಬಳಸುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ, 158 ಸೆಂಟಿಮೀಟರ್ ಎತ್ತರದ 40 ವರ್ಷದ ಮಹಿಳೆಗೆ 78 ಕಿಲೊ ಇದ್ದಾಗ ದಿನಕ್ಕೆ ಸುಮಾರು 1,405 ಕ್ಯಾಲೊರಿ ಬೇಕಾಗುತ್ತಿದ್ದರೆ, 68 ಕಿಲೊಗೆ ಇಳಿದಾಗ ಸುಮಾರು 1,305 ಸಾಕಾಗುತ್ತದೆ. ಅದೇ ದಾರಿಯನ್ನು ಅದೇ ವೇಗದಲ್ಲಿ ನಡೆದರೂ ಹೊರುವ ಭಾರ ಕಡಿಮೆಯಾದ್ದರಿಂದ ಅಲ್ಲಿನ ಖರ್ಚೂ ತಗ್ಗುತ್ತದೆ. ಇದರ ಮೇಲೆ, ಕೊಬ್ಬು ಕರಗಿದಂತೆ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಹಾರ್ಮೋನು ಇಳಿದು ಹಸಿವು ಹೆಚ್ಚುತ್ತದೆ. ನಮಗೆ ಅರಿವಿಲ್ಲದೆಯೇ ಓಡಾಟ ಕುಗ್ಗುತ್ತದೆ. ಹೀಗೆ ಖರ್ಚಿಗಿಂತ ಕಡಿಮೆ ತಿಂದು ಮೊದಲು ದಿನಕ್ಕೆ 400 ಕ್ಯಾಲೊರಿಯಷ್ಟು ಉಂಟುಮಾಡಿಕೊಂಡಿದ್ದ ಕೊರತೆ ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಬಂದು, ಉಳಿದರ್ಧವನ್ನು ಎರಡು ಲೋಟ ಕಾಫಿ ತಿಂದುಹಾಕಬಲ್ಲದು.

ಕಾಫಿಯ ಮಾತು ಬಂದದ್ದರಿಂದ ಅಡುಗೆಮನೆಯಲ್ಲೇ ತುಸು ನಿಲ್ಲೋಣ, ಏಕೆಂದರೆ ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿ. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ ಮಾಡಿದ ವ್ಯಾಯಾಮವನ್ನು ಶೇ. 51ರಷ್ಟು ಹೆಚ್ಚಾಗಿಯೂ ಹೇಳಿದ್ದು ಕಂಡುಬಂತು. ಅದನ್ನು ಸುಳ್ಳೆನ್ನಲಾಗದು, ಒಗ್ಗರಣೆಯ ಎಣ್ಣೆಯನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಒಂದು ಲೀಟರ್ ಎಣ್ಣೆ ನಾಲ್ವರ ಮನೆಯಲ್ಲಿ ಏಳು ದಿನಕ್ಕೆ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 32 ಗ್ರಾಂ, ಅಂದರೆ 290 ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತದೆ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು ಯಾವ ಆ್ಯಪ್‌ಗಿಂತಲೂ ಉತ್ತಮ ಲೆಕ್ಕ ಎಂದು ನನ್ನ ಅಭಿಪ್ರಾಯ. ಹಾಲು ಹೆಚ್ಚಾಗಿ ಹಾಕಿ ಎರಡು ಚಮಚ ಸಕ್ಕರೆ ಬೆರೆಸಿದ ಒಂದು ಲೋಟ ಕಾಫಿ ಸುಮಾರು ನೂರು ಕ್ಯಾಲೊರಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ರುಚಿ ಬದಲಾಗುತ್ತದೆಯೇ ಹೊರತು ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಂಜೆ ಬಾಯಾಡಿಸುವ 30 ಗ್ರಾಂ ಕಡಲೆಬೀಜ ಆರೋಗ್ಯಕರವೇನೋ ಹೌದು, ಆದರೆ ಅದೂ 160ಕ್ಕಿಂತ ಕಡಿಮೆಯಿಲ್ಲ.

ಅನ್ನ ಬಿಟ್ಟು ಮುದ್ದೆಗೆ ಬದಲಿಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇರುತ್ತದೆ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಹೆಚ್ಚೆಂಬುದು ನಿಜ, ಹೊಟ್ಟೆ ತುಂಬಿದಂತೆ ಇರಿಸುವುದೂ ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಒಂದಿಷ್ಟು ಮಜ್ಜಿಗೆ ಅನ್ನವನ್ನೂ ಉಂಡರೆ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಆದ್ದರಿಂದ ಒಂದು ವಾರ, ಭಾನುವಾರವನ್ನೂ ಬಿಡದೆ, ಹಿಟ್ಟು, ಅಕ್ಕಿ, ಎಣ್ಣೆ, ತುಪ್ಪ, ಕಾಯಿತುರಿ ಇವನ್ನು ಅಡುಗೆಗೆ ಹಾಕುವ ಮೊದಲೇ ತೂಗಿ ಬರೆಯಿರಿ. ಆ ಪಟ್ಟಿ ಕೈಗೆ ಬಂದ ಮೇಲೆ ದಿನಕ್ಕೆ 200 ಕ್ಯಾಲೊರಿಯಷ್ಟನ್ನು, ಅದರಲ್ಲೂ ಮೊದಲು ಎಣ್ಣೆ, ಸಕ್ಕರೆ ಮತ್ತು ಕುರುಕಲಿನಿಂದ, ತೆಗೆದರೆ ಸಾಕು. ಒಮ್ಮೆಗೆ ಒಂದನ್ನೇ ಬದಲಿಸಿ ಮೂರು ವಾರ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ತೆಗೆಯುವುದರ ಜೊತೆಗೆ ಸೇರಿಸಬೇಕಾದದ್ದು ಪ್ರೋಟೀನು. ಊಟ ಕಡಿಮೆಯಾದಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ದೇಹತೂಕದ ಕಿಲೊ ಒಂದಕ್ಕೆ 1.2 ಗ್ರಾಂನಷ್ಟಾದರೂ ಪ್ರೋಟೀನು ಬೇಕೆಂಬುದು ಈಗ ಸಾಮಾನ್ಯವಾಗಿ ಕೊಡುವ ಸಲಹೆ. ತಿಳಿಸಾರು ಅನ್ನದಿಂದ ಇದು ಸಿಗದು. ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು, ತಲಾ ಆರು ಗ್ರಾಂ ಕೊಡುವ ಮೊಟ್ಟೆ, 30 ಗ್ರಾಂಗೇ ಸುಮಾರು 15 ಗ್ರಾಂ ಕೊಡುವ ಸೋಯಾ ಚಂಕ್ಸ್, ತಿನ್ನುವವರಿಗೆ ಮೀನು ಅಥವಾ ಕೋಳಿ, ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ವ್ಯಾಯಾಮವೆಂದರೆ ನಡಿಗೆ ಎಂದಷ್ಟೇ ತಿಳಿದವರಿಗೆ ಇನ್ನೊಂದು ದಾರಿ ತೆರೆದಿದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. ಇದಕ್ಕೆ ಜಿಮ್ಮೇ ಬೇಕೆಂದಿಲ್ಲ, ಗರಡಿಮನೆಯ ದಂಡ ಮತ್ತು ಬಸ್ಕಿ ಇಂದಿಗೂ ಹಳತಾಗಿಲ್ಲ. ಮಂಡಿನೋವಿದ್ದವರು ಕುರ್ಚಿಯಿಂದ ಎದ್ದು ಕೂರುವುದರಿಂದ, ತೋಳಿನಲ್ಲಿ ಬಲವಿಲ್ಲದವರು ಗೋಡೆಗೆ ಒತ್ತಿ ದಂಡ ಹೊಡೆಯುವುದರಿಂದ ಆರಂಭಿಸಬಹುದು. ಶುರುಮಾಡಿದ ಮೊದಲ ಎರಡು ವಾರ ಸ್ನಾಯುಗಳು ನೀರು ಹಿಡಿದು ತೂಕ ತುಸು ಏರಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ದಿನವೆಲ್ಲ ಕೂತೇ ಇರುವವರು ಮೊಬೈಲಿನಲ್ಲಿ ಇಡೀ ದಿನದ ಹೆಜ್ಜೆಗಳನ್ನು ನೋಡಿಕೊಂಡು ಒಂದೆರಡು ಸಾವಿರ ಹೆಚ್ಚಿಸಿಕೊಳ್ಳಲಿ. ನಿದ್ದೆ ಏಳು ಗಂಟೆಗಿಂತ ಕಡಿಮೆಯಾಗದಿರಲಿ. ನಿದ್ದೆಗೆಟ್ಟ ದಿನ ಹಸಿವು ಹೆಚ್ಚುವುದಲ್ಲದೆ, ಇಳಿಯುವ ತೂಕದಲ್ಲಿ ಕೊಬ್ಬಿಗಿಂತ ಸ್ನಾಯುವಿನ ಪಾಲು ದೊಡ್ಡದಾಗುತ್ತದೆ.

ತಿಂಗಳುಗಟ್ಟಲೆ ಕಟ್ಟುನಿಟ್ಟಾಗಿದ್ದು ಬೇಸತ್ತವರು ಎರಡು ವಾರ ತೂಕ ಇಳಿಸುವ ಗುರಿಯನ್ನು ಪಕ್ಕಕ್ಕಿಟ್ಟು, ಈಗಿನ ತೂಕವನ್ನು ಉಳಿಸಿಕೊಳ್ಳುವಷ್ಟು ಉಂಡು ಮತ್ತೆ ಶುರುಮಾಡಬಹುದು. ಇದು ಹಬ್ಬದ ಊಟಕ್ಕೆ ಪರವಾನಗಿಯಲ್ಲ, ಅಳತೆ ಅಲ್ಲಿಯೂ ಇರಬೇಕು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರಿನೊಳಗೆ ಇರಬೇಕೆಂಬುದು ವೈದ್ಯರು ಬಳಸುವ ಮಿತಿ; ಅದರೊಳಗೆ ಬಂದು ರಕ್ತದೊತ್ತಡ, ಸಕ್ಕರೆ ಸರಿಯಿದ್ದರೆ ಇನ್ನೂ ಇಳಿಸಲೇಬೇಕೇ ಎಂದು ಯೋಚಿಸಬಹುದು.

ಇಷ್ಟೆಲ್ಲ ಮಾಡಿಯೂ ಎರಡು ತಿಂಗಳು ತೂಕ, ಸುತ್ತಳತೆ ಎರಡೂ ಕದಲದಿದ್ದರೆ, ಅಥವಾ ವಿಪರೀತ ಸುಸ್ತು, ಕೂದಲುದುರುವಿಕೆ, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಮತ್ತು ಪಿಸಿಓಎಸ್ (ಮಹಿಳೆಯರಲ್ಲಿ ಹಾರ್ಮೋನು ಏರುಪೇರಿನಿಂದಾಗುವ ಅಂಡಾಶಯದ ತೊಂದರೆ) ಬಗ್ಗೆ ವೈದ್ಯರನ್ನು ಕಾಣಬೇಕು. ಇನ್ಸುಲಿನ್, ಸಲ್ಫೊನಿಲ್‌ಯೂರಿಯಾ ಗುಂಪಿನ ಮಧುಮೇಹದ ಮಾತ್ರೆಗಳು, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಆರೋಗ್ಯದ ಔಷಧಗಳು ತೂಕ ಹೆಚ್ಚಿಸಬಲ್ಲವು. ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ; ಮೊದಲೆರಡನ್ನು ತೆಗೆದುಕೊಳ್ಳುತ್ತ ಊಟವನ್ನು ಏಕಾಏಕಿ ಕಡಿಮೆ ಮಾಡುವುದೂ ಅಷ್ಟೇ ಅಪಾಯ, ಏಕೆಂದರೆ ರಕ್ತದ ಸಕ್ಕರೆ ಮಿತಿಮೀರಿ ಕುಸಿಯಬಹುದು. ಹೋಗುವಾಗ ಔಷಧಗಳ ಚೀಟಿಯ ಜೊತೆಗೆ ವಾರದ ಸರಾಸರಿ ತೂಕ ಹಾಗೂ ಅಡುಗೆಯ ಅಳತೆ ಬರೆದ ಹಾಳೆಯನ್ನೂ ಕೊಂಡೊಯ್ದರೆ, ಔಷಧ ಬದಲಿಸಬೇಕೋ ಊಟ ಬದಲಿಸಬೇಕೋ ಎಂದು ತೀರ್ಮಾನಿಸಲು ವೈದ್ಯರಿಗೆ ಸುಲಭವಾಗುತ್ತದೆ.